ನಾಲ್ಕು ಕಲ್ಲುಗಳ ಬಯಲು

ಅಮೆರಿಕದ ನಾರ್ತ್ ಕೆರೊಲಿನಾ ಕಡಲಂಚಿನ ಊರು ಕಿಲ್ ಡೆವಿಲ್ ಹಿಲ್ಸ್. 1903ರ ಡಿಸೆಂಬರ್ 17ರಂದು ರೈಟ್ ಸೋದರರು ವಿಮಾನ ಹಾರಿಸಿದ್ದು ಇಲ್ಲಿಯೇ. ಅಂದಿನ ನಾಲ್ಕು ಹಾರಾಟಗಳು ಮುಗಿದ ಜಾಗಗಳಲ್ಲಿ ಕಲ್ಲು ನೆಟ್ಟಿದ್ದಾರೆ. ಮೊದಲನೆಯದು ಹೊರಟಲ್ಲಿಂದ ಬರೇ 120 ಅಡಿ! ಜೊತೆಗಿದ್ದ ತಂಗಿಯ ಮಗ ಐವತ್ತು ಹೆಜ್ಜೆಯಲ್ಲಿ ಅಳೆದುಬಿಟ್ಟ. ನಾಲ್ಕನೆಯದು 852 ಅಡಿ, 59 ಸೆಕೆಂಡು.

ಈ ಹುಡುಗ ಮನೆಯಲ್ಲಿ ಬಾಲ್ಸಾ ಮರದ ಕಿಟ್ ತಂದು ರೇಡಿಯೊ ನಿಯಂತ್ರಣದ ಜೋಡಿರೆಕ್ಕೆ ವಿಮಾನ ಕಟ್ಟುತ್ತಿದ್ದಾನೆ. ಅಂಟು, ಮರದಪುಡಿಯ ನಡುವೆ ಓದು ಹಾಳಾಗುತ್ತಿದೆಯೆಂದು ಅವನಪ್ಪನಿಗೆ ಸಿಟ್ಟು. (ರೈಟ್ ಸೋದರರಿಗೆ ಹಾರುವ ಹುಚ್ಚು ಹತ್ತಿದ್ದು 1878ರಲ್ಲಿ ಅವರಪ್ಪ ತಂದುಕೊಟ್ಟ ರಬ್ಬರ್‌ಬ್ಯಾಂಡಿನ ಆಟಿಕೆಯಿಂದ ಎಂಬುದನ್ನು ಪಾಲಕರು ಗಮನಿಸಬೇಕು.) ಅಲ್ಲಿಟ್ಟಿರುವ ಪ್ರತಿಕೃತಿಯ ಮುಂದೆ ಅಪ್ಪನೇ ಕೇಳಿದರು: "ಎರಡೆರಡು ರೆಕ್ಕೆ ಯಾಕೋ?"

"ನಡುವೆ ಕಂಬ ನಿಲ್ಲಿಸಿ ಅಡ್ಡತಂತಿ ಬಿಗಿದರೆ ಸೇತುವೆಯ ಹಾಗಪ್ಪಾ, ಹಗುರವೂ ಹೌದು, ಗಟ್ಟಿಯೂ ಹೌದು."

ಮೇಷ್ಟರಾದ ನನಗೆ ಹೇಳಲು ಏನೂ ಉಳಿಯಲಿಲ್ಲ. ಗುರುತ್ವ ಕೇಂದ್ರ ಹಿಂದೆ ಸರಿದರೆ ತನ್ನ ವಿಮಾನ ಮೂತಿ ಎತ್ತಿ ಬೀಳುತ್ತದೆ, ಅದಕ್ಕೇ ಮೂತಿಯಲ್ಲಿ ಸೀಸದ ತುಂಡು ಇಡುವುದು ಎಂದೂ ಸೇರಿಸಿದ.

ನಾಲ್ಕನೆಯ ಹಾರಾಟದ ಬಳಿಕ ಅಸಲಿ ವಿಮಾನ ಗಾಳಿಗೆ ಮಗುಚಿ ಮುರಿಯಿತು, ಮತ್ತೆಂದೂ ಹಾರಲಿಲ್ಲ. ಇದನ್ನು ಕೇಳಿ ಹುಡುಗ ಅಪ್ಪನ ಮುಖ ನೋಡಿದ.

"ಬದಲಿ ರೆಕ್ಕೆಗೂ ಒಂದಿಷ್ಟು ಮರ ತರೋಣ ಬಿಡು," ಎಂದರು ಅವರು.