ಸವಾಲಿಗೆ ಬಂದ ಅಡ್ಡಣಿಗೆ

ನಮ್ಮ ಸೀಮೆಯಲ್ಲಿ ಹರಾಜಿಗೆ ಸವಾಲು ಎನ್ನುವ ರೂಢಿಯುಂಟು. ಈ ಮಾತನ್ನು ನಾವು ಮೊದಲು ಕೇಳಿದ್ದು ಜಾತ್ರೆಯಲ್ಲಿ. ತೇರು ನೆಲೆಗೆ ಬಂದು ನಿಂತ ಮೇಲೆ ಪೂಜೆಗೇರಿದ ಹೂಮಾಲೆ, ತೆಂಗಿನಕಾಯಿ, ಶಲ್ಯಗಳನ್ನು ಸವಾಲಿಗೆ ಇಡುವರು. ಅಂಗಡಿಯಲ್ಲಿ ಅಲ್ಪ ಬೆಲೆಗೆ ದೊರೆಯುವ ಕಾಯಿಯನ್ನು ಭಕ್ತನೊಬ್ಬನು ನೂರಾರು ರೂಪಾಯಿಗಳಿಗೆ ಕೂಗಿ, ತಲೆಯ ಮೇಲೆ ಹೊತ್ತು ಮನೆಗೆ ಒಯ್ಯುವನು. ಅಲ್ಲಿ ವಸ್ತುವಿನ ಬೆಲೆಯನ್ನು ಭಕ್ತಿಯು ಏರಿಸುತ್ತದೆ. ಇತ್ತೀಚೆಗೆ ಇನ್ನೊಂದು ಬಗೆಯ ಸವಾಲನ್ನು ನೋಡುವ ಪ್ರಸಂಗ ನಮಗೆ ಒದಗಿತು. ಅಲ್ಲಿ ತಲೆಮಾರುಗಳ ಭಕ್ತಿಯನ್ನು ಹೊತ್ತ ವಸ್ತುಗಳು ಬರಿಯ ತೂಕಕ್ಕೆ ಇಳಿದವು. ಆ ದಿನ ಕಂಡುದನ್ನು ಓದುಗ ಬಂಧುಗಳ ಮುಂದೆ ಇಡುವುದು ಅವಶ್ಯವೆನಿಸಿದೆ.

ಬೈಲಹೊಂಗಲದ ಸಮೀಪದ ಹಳ್ಳಿಯೊಂದರಲ್ಲಿ ಹಳೆಯ ವಾಡೆಯುಳ್ಳ ಮನೆತನವಿದೆ. ಹೆಸರು ಇಲ್ಲಿ ಬೇಡ. ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಬಾಲ್ಯದಲ್ಲಿ ಶ್ರಾವಣ ಸೋಮವಾರಗಳಂದು ವಿದ್ಯಾರ್ಥಿಗಳಿಗೆ ಆ ಮನೆಯಲ್ಲಿ ಪ್ರಸಾದವಿರುತ್ತಿತ್ತು. ಈಗ ಮನೆಯ ಯಜಮಾನರು ಲಿಂಗೈಕ್ಯರಾಗಿದ್ದಾರೆ. ಮೂವರು ಮಕ್ಕಳಲ್ಲಿ ಇಬ್ಬರು ಪರಊರಿನ ನೌಕರಿಯಲ್ಲಿದ್ದಾರೆ. ಕಿರಿಯರು ಒಬ್ಬರೇ ಊರಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾರೆ. ವಾಡೆಯ ಮಾಳಿಗೆ ಸೋರಿ, ಗೋಡೆ ಬಿರಿದು, ರಿಪೇರಿಗೆ ಯಾರ ಕೈಯೂ ಸಾಗದಾದಾಗ ಒಳಗಿನ ಸಾಮಾನುಗಳನ್ನು ಸವಾಲಿಗೆ ಹಾಕಿ ಹಣ ಹಂಚಿಕೊಳ್ಳುವುದೆಂದು ನಿರ್ಧರಿಸಿದರು. ಹಳೆಯ ಕಾಗದಪತ್ರಗಳಿದ್ದರೆ ನೋಡಿಕೊಡಬೇಕೆಂದು ನಮಗೆ ಹೇಳಿ ಕಳುಹಿಸಿದ್ದರು.

ನಾವು ಹೋದಾಗ ಪಡಸಾಲೆಯ ತುಂಬ ಸಾಮಾನು ಹರಡಿತ್ತು. ಸಾಗವಾನಿ ಮರದ ಎರಡು ಮಂಚಗಳು, ಹಿತ್ತಾಳೆಯ ಸರಪಳಿಯ ಜೋಕಾಲಿ, ಬಣ್ಣ ಮಾಸಿದ ತೊಟ್ಟಿಲು, ಕನ್ನಡಿಯ ಕಪಾಟು, ಕಬ್ಬಿಣದ ಪಟ್ಟಿ ಬಡಿದ ಸಂದೂಕ, ನಿಂತುಹೋದ ಗೋಡೆಯ ಗಡಿಯಾರ. ಇನ್ನೊಂದು ಕಡೆ ಜಮಖಾನೆಯ ಮೇಲೆ ಬೆಳ್ಳಿಯ ತಂಬಿಗೆ, ತಾಟು, ಗುಲಾಬದಾನಿ, ಅತ್ತರದಾನಿ, ಸಮೆ, ವಿಭೂತಿಯ ಬಟ್ಟಲು, ಲಿಂಗದ ಕರಡಿಗೆ, ಒಂದು ಅಡ್ಡಣಿಗೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಿಂದ ಕೊಳ್ಳುವವರು ಬಂದಿದ್ದರು. ಅವರಲ್ಲಿ ಕೆಲವರು ಮಹಾನಗರಗಳ ಹಳೆಯ ಸಾಮಾನಿನ ಅಂಗಡಿಗಳಿಗೆ ಮಾಲು ಒದಗಿಸುವವರು.

ಇಂಥ ಸವಾಲುಗಳು ಒಂದೇ ದಿನದಲ್ಲಿ ಹುಟ್ಟಿಕೊಂಡವಲ್ಲ. ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದಾಗ 1950ರ ಕಾಯಿದೆಯಿಂದ ಪರಗಣಾ ವತನಗಳು ರದ್ದಾದವು; ದೇಸಗತಿಯ ಉತ್ಪನ್ನ ನಿಂತಿತು. 1974ರ ಭೂಸುಧಾರಣೆಯಿಂದ ಉಳುವವನಿಗೆ ಭೂಮಿ ದಕ್ಕಿತು. ಅದು ನ್ಯಾಯವೇ ಆಗಿತ್ತು. ಆದರೆ ನೂರು ಜನ ಉಂಡೇಳುವ ವಾಡೆಗಳು ಆ ಮೇಲೆ ತಮ್ಮ ಗಾತ್ರವನ್ನು ತಾವೇ ಹೊರಲಾರದಾದವು. ಭಾವೆ ಮನೆತನದ ರಾಮದುರ್ಗ ಸಂಸ್ಥಾನವು 1948ರಲ್ಲಿ ವಿಲೀನವಾದ ಮೇಲೆ ಅಲ್ಲಿಯ ದರಬಾರಿನ ಗಾದಿ, ಕುರ್ಚಿಗಳಿಗೂ ಕೆಲಸವಿಲ್ಲದಾಯಿತು. ಸವದತ್ತಿಯ ಸೀಮೆಯಲ್ಲಿ ಮಲಪ್ರಭೆಗೆ ನವಿಲುತೀರ್ಥದ ಆಣೆಕಟ್ಟು ಬಂದಾಗ ಮುಳುಗಡೆಯ ಜನ ಮನೆಮಠ ಬಿಟ್ಟು ಏಳಬೇಕಾಯಿತು. ಮನೆ ಚಿಕ್ಕದಾದಂತೆ ಮಂಚ ದೊಡ್ಡದಾಗಿ ಕಾಣುವುದು ಸಹಜ. ಆದುದರಿಂದ ಮಾರುವವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ.

ಬೆಳ್ಳಿಯ ಸರದಿ ಬಂದಾಗ ಪತ್ತಾರರು ಒರೆಗಲ್ಲು, ತಕ್ಕಡಿ ಹಿಡಿದು ಕುಳಿತರು. ಹಿಂದೆ ನಮ್ಮ ಮನೆಗಳಲ್ಲಿ ಬೆಳ್ಳಿಯ ಲೆಕ್ಕ ರೂಪಾಯಿ ತೂಕದಲ್ಲಿ ನಡೆಯುತ್ತಿತ್ತು. ಅಂದಿನ ಒಂದು ರೂಪಾಯಿಯ ನಾಣ್ಯವೆಂದರೆ ಒಂದು ತೊಲೆ, ಎಂದರೆ 11.66 ಗ್ರಾಂ, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಹತ್ತಿ, ಜೋಳ ಮಾರಿ ಬಂದ ನಾಣ್ಯಗಳನ್ನೇ ಕರಗಿಸಿ ತಂಬಿಗೆ, ತಾಟು ಮಾಡಿಸುವುದಿತ್ತು. 1940ರಲ್ಲಿ ನಾಣ್ಯದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 1947ರಲ್ಲಿ ನಿಕ್ಕಲಿನ ರೂಪಾಯಿ ಬಂದಿತು. ಈ ವ್ಯತ್ಯಾಸವನ್ನು ಒರೆಗಲ್ಲು ಬಲ್ಲದು. ಬೆಸುಗೆಯ ಕಸರು ಕಳೆದು, ಒಳಗೆ ತುಂಬಿದ ಅರಗಿನ ತೂಕ ಕಳೆದು ಬೆಲೆ ಕಟ್ಟಿದರು. ಮನೆಯವರು ಬೆಳ್ಳಿಯೆಂದೇ ನಂಬಿದ್ದ ಸಮೆಯ ಜೋಡಿ ಜರ್ಮನ್ ಸಿಲ್ವರಿನದೆಂದು ತಿಳಿಯಿತು. ತಾಮ್ರ, ನಿಕ್ಕಲು, ಸತುವು ಕೂಡಿದ ಆ ಲೋಹದಲ್ಲಿ ಬೆಳ್ಳಿಯ ಹೆಸರುಂಟೇ ಹೊರತು ಬೆಳ್ಳಿಯಿಲ್ಲ. ಯಾರೂ ಯಾರನ್ನೂ ಮೋಸ ಮಾಡಲಿಲ್ಲ. ಆದರೂ ಕೆತ್ತನೆಗೆ ಬೆಲೆಯಿರಲಿಲ್ಲ, ಕೈಗೆಲಸಕ್ಕೆ ಬೆಲೆಯಿರಲಿಲ್ಲ.

ಅಡ್ಡಣಿಗೆಯನ್ನು ತಕ್ಕಡಿಗೆ ಏರಿಸುವಾಗ ಅದರ ಅಂಚಿನಲ್ಲಿ ಅಕ್ಷರಗಳು ಕಂಡವು. ಊಟದ ತಾಟನ್ನಿಡುವ ಮೂರು ಕಾಲಿನ ಈ ಪೀಠವನ್ನು ನಮ್ಮ ಬಂಧುಗಳಿಗೆ ವಿವರಿಸಬೇಕಾಗಿಲ್ಲ. ಮನೆಯ ಹಿರಿಯ ತಾಯಿಯವರು, "ಶಾಸ್ತ್ರಿಗಳ, ಏನ ಬರದೈತಿ ನೋಡ್ರಿ" ಎಂದು ನಮ್ಮ ಕೈಗಿತ್ತರು. ವಿಭೂತಿಯ ಪುಡಿ ಸವರಿ ಬೆಳಕಿಗೆ ಹಿಡಿದೆವು. ಅವರ ಅತ್ತೆಯ ಅತ್ತೆಯ ಹೆಸರು. ಅದರ ಮುಂದೆ, ನಿತ್ಯ ದಾಸೋಹಕ್ಕೆ ಎಂಬ ಎರಡು ಶಬ್ದಗಳು. ಬಾಲ್ಯದಲ್ಲಿ ಶ್ರಾವಣ ಸೋಮವಾರ ನಮ್ಮ ಗುರುಗಳ ತಾಟನ್ನು ಇದರ ಮೇಲೆಯೇ ಇಟ್ಟುದನ್ನು ನಾವು ಕಂಡಿದ್ದೆವು. ಓದಿರಲಿಲ್ಲ.

ಕಿರಿಯ ಮಗ ಮೆಲ್ಲನೆ ಕೇಳಿದರು: "ಅಕ್ಷರ ಇದ್ದರ ಬೆಲಿ ಹೆಚ್ಚಾಗತೈತೇನ್ರಿ, ಶಾಸ್ತ್ರಿಗಳ?" ಅವರ ಮಗಳಿಗೆ ವೈದ್ಯಕೀಯ ಕಾಲೇಜಿನಲ್ಲಿ ಪ್ರವೇಶ ದೊರೆತಿತ್ತು, ಫೀ ತುಂಬುವ ದಿನ ಹತ್ತಿರ ಬಂದಿತ್ತು. ಹಿರಿಯ ಮಗ, ದಾಸೋಹದ ವಸ್ತುವನ್ನು ಮಾರುವುದು ಸಲ್ಲದು ಎಂದರು. ನಡುವಿನವರು, ಹಾಗಾದರೆ ಅದು ಯಾರ ಮನೆಯಲ್ಲಿರಬೇಕು ಎಂದರು. ಎಲ್ಲರೂ ನಮ್ಮ ಕಡೆ ನೋಡಿದರು. ನಮ್ಮ ಬಾಯಿಂದ ಮಾತು ಹೊರಡಲಿಲ್ಲ.

ಅದಕ್ಕೆ ಕಾರಣವಿದೆ. ನಲವತ್ತು ವರ್ಷಗಳ ಹಿಂದೆ ನಮ್ಮ ಸ್ವಂತ ಮನೆಯ ಪಾಲು ನಡೆಯಿತು. ಮಠದಲ್ಲಿ ಓದಿದವರಿಗೆ ಪಾತ್ರೆಪಗಡಗಳ ಮೋಹವೇಕೆ ಎಂದು ನಾವು ಒಳಗೂ ಕಾಲಿಡದೆ ತಿರುಗಿ ಬಂದೆವು. ಕಟ್ಟಿದುದಕ್ಕಿಂತ ನಡೆದಾಡುವ ಚೈತನ್ಯವೇ ಹಿರಿದೆಂದು ಶರಣರು ಕಲಿಸಿದ ಪಾಠವನ್ನು ನೆನೆದು, ಅದನ್ನು ಆಚರಣೆಗೆ ತಂದೆವೆಂದು ಸಂತೋಷಪಟ್ಟೆವು. ಅಜ್ಜಿಯ ಸಂದೂಕವೂ ಅಂದೇ ಮಾರಾಟವಾಯಿತು. ಅದರ ತಳದಲ್ಲಿ ಅರಿವೆಯಲ್ಲಿ ಸುತ್ತಿದ ತಾಳೆಗರಿಯ ಕಟ್ಟೊಂದು ಇತ್ತೆಂದು ತಮ್ಮನು ಎಷ್ಟೋ ವರ್ಷಗಳ ಮೇಲೆ ಹೇಳಿದನು. ಆ ಗರಿಗಳಲ್ಲಿ ಏನಿತ್ತೋ, ಒಲೆಗೆ ಹೋಯಿತೋ ಗುಜರಿಗೆ ಹೋಯಿತೋ. ಇಡೀ ಮನೆಯಲ್ಲಿ ಹಳೆಯ ಬರಹ ಓದಬಲ್ಲವರು ನಾವೊಬ್ಬರೇ ಇದ್ದೆವು. ನಾವು ವೈರಾಗ್ಯವೆಂದು ತಿಳಿದದ್ದು ಅಸಡ್ಡೆಯಾಗಿತ್ತು. ಇದನ್ನು ಈ ವಯಸ್ಸಿನಲ್ಲಿ ಒಪ್ಪಿಕೊಳ್ಳಲು ನಾಚಿಕೆಯಿಲ್ಲ, ಮುಚ್ಚಿಟ್ಟರೆ ನಾಚಿಕೆ.

ಕೊನೆಗೆ ಮಾತನಾಡಿದವರು ಆ ತಾಯಿಯೇ. "ಆಕಿ ಇದನ್ನ ಮಾಡಿಸಿದ್ದು ಕಪಾಟಿನ್ಯಾಗ ಇಡಾಕಲ್ಲ, ಹಸದವರ ಮುಂದ ಇಡಾಕ. ಈಗ ಈ ಮನ್ಯಾಗ ಓದಿನ ಹಸಿವು ಈ ಕೂಸಿಗೈತಿ. ಮಾರ್ರಿ. ಆದರ ಮದಲ ಆ ಅಕ್ಷರಾ ಬರಕೋರಿ" ಎಂದರು. ಮೊಮ್ಮಗಳು ಅಂಚಿನ ಮೇಲೆ ತೆಳುವಾದ ಕಾಗದವನ್ನಿಟ್ಟು ಸೀಸದಕಡ್ಡಿಯಿಂದ ತಿಕ್ಕಿ ಅಚ್ಚು ತೆಗೆದಳು. ಎತ್ತರ, ಅಗಲ, ತೂಕ ಬರೆದುಕೊಂಡಳು. ಅಜ್ಜಿಯ ಕೈಯಲ್ಲಿ ಅಡ್ಡಣಿಗೆಯನ್ನು ಕೊಟ್ಟು ಛಾಯಾಚಿತ್ರ ತೆಗೆದಳು. ಆಮೇಲೆ ಸವಾಲು ನಡೆಯಿತು. ಬಂದ ಹಣವನ್ನು ಮೂವರೂ ಅವಳ ಫೀಗೆಂದು ತೆಗೆದಿಟ್ಟರು. ಅಕ್ಷರ ಓದಿಸಿದ ಮೇಲೆ ಹಿರಿಯ ಮಗನ ಆಕ್ಷೇಪವೂ ನಿಂತಿತು.

ಮರಳಿ ಬರುವಾಗ ಬೈಲಹೊಂಗಲದಲ್ಲಿ ರಾಣಿ ಚೆನ್ನಮ್ಮನ ಸಮಾಧಿಯ ಬಳಿ ತುಸು ಹೊತ್ತು ಕುಳಿತೆವು. ಮನೆಯ ವಸ್ತು ಹೊರಗೆ ಹೋಗಲು ಮೂರು ದಾರಿಗಳೆಂಬುದು ಅಲ್ಲಿ ಹೊಳೆಯಿತು. ಮೊದಲನೆಯದು ಕಸಿತ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರ ಸರ್ಜನು ತೀರಿಕೊಂಡೊಡನೆ ಧಾರವಾಡದ ಥ್ಯಾಕರೆಯು ಕಿತ್ತೂರಿನ ಭಂಡಾರಕ್ಕೆ ಮುದ್ರೆಯೊತ್ತಿ ಕಾವಲಿಟ್ಟನು. ಅಕ್ಟೋಬರ್ 23ರ ಯುದ್ಧದಲ್ಲಿ ಅವನು ಮಡಿದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು, ಭಂಡಾರ ಪರರ ಪಾಲಾಯಿತು. ರಾಣಿಯು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ಕೊನೆಯುಸಿರೆಳೆದಳು. ಅಳಿದುಳಿದುದನ್ನು ಇಂದು ಕಿತ್ತೂರು ಕೋಟೆಯ ವಸ್ತುಸಂಗ್ರಹಾಲಯದಲ್ಲಿ ನೋಡಬೇಕು. ಎರಡನೆಯದು ಮಾರಾಟ; ಅದನ್ನು ಆ ದಿನ ಕಂಡೆವು. ಮೂರನೆಯದು ದಾನ. ಸವದತ್ತಿ ಸೀಮೆಯ ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರ ಬರೆದಿಟ್ಟರು. ಆ ಟ್ರಸ್ಟಿನ ನೆರವಿನಿಂದ ಓದಿದವರ ಮನೆಗಳು ನಮ್ಮ ಓದುಗರಲ್ಲಿಯೂ ಇವೆ. ಆ ತಾಯಿ ಎರಡನೆಯ ದಾರಿಯನ್ನು ಮೂರನೆಯದಕ್ಕೆ ಕೂಡಿಸಿದರು.

ಗೃಹಸ್ಥರಲ್ಲಿ ನಮ್ಮ ವಿನಂತಿ ಇಷ್ಟೇ. ಮಾರುವ ಮುನ್ನ ಸಂದೂಕದ ತಳ, ಪಾತ್ರೆಯ ಅಂಚು, ಕಪಾಟಿನ ಹಿಂಬದಿ ನೋಡಿರಿ. ತಾಳೆಗರಿ, ಕಡತ, ಹಸ್ತಪ್ರತಿಗಳನ್ನು ಸಾಮಾನಿನೊಡನೆ ಬಿಡದೆ ಬಲ್ಲವರಿಗೆ ತೋರಿಸಿರಿ. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ಐತಿಹಾಸಿಕ ಇಲ್ಲವೆ ಕಲಾಮಹತ್ವದ ನೂರು ವರ್ಷ ಮೀರಿದ ವಸ್ತುವೂ, ಅಂಥ ಮಹತ್ವದ ಎಪ್ಪತ್ತೈದು ವರ್ಷ ಮೀರಿದ ಹಸ್ತಪ್ರತಿಯೂ ಪುರಾತನವೆನಿಸುತ್ತವೆ. ಅವುಗಳ ವ್ಯಾಪಾರ ಮಾಡುವವರಿಗೆ ಪರವಾನಿಗೆ ಬೇಕು. ಖಾಸಗಿಯವರು ಅವುಗಳನ್ನು ಪರದೇಶಕ್ಕೆ ಸಾಗಿಸುವಂತಿಲ್ಲ. ಹಿರಿಯರು ಇರುವಾಗಲೇ ಯಾವ ವಸ್ತು ಯಾರದು, ಯಾತಕ್ಕೆ ಬಂದದ್ದು ಎಂದು ಕೇಳಿ ಒಂದು ವಹಿಯಲ್ಲಿ ಬರೆದಿಡಿರಿ.

ಆ ಮೊಮ್ಮಗಳು ತೆಗೆದ ಅಚ್ಚಿನ ಒಂದು ಪ್ರತಿಯನ್ನು ನಮಗೂ ಕೊಟ್ಟಿದ್ದಾಳೆ. ನಾವು ಅದನ್ನು ನಮ್ಮ ಪಾಠದ ಪುಸ್ತಕಗಳ ಜೊತೆಯಲ್ಲಿ ಇಟ್ಟುಕೊಂಡಿದ್ದೇವೆ.