ನೀಲಿ ಸ್ಪೀಕರಿಗೆ ಮದ್ದೋ, ಮುಕ್ತಿಯೋ?

ಆರ್ಕೆಸ್ಟ್ರಾದಲ್ಲಿ ಗಾಯಕರ ಹಿಂದೆ, ಡ್ರಮ್ಮಿನ ಪಕ್ಕ, ಬೆಳಕು ಸರಿಯಾಗಿ ಬೀಳದ ಜಾಗದಲ್ಲಿ ಗಿಟಾರ್ ಹಿಡಿದು ಒಬ್ಬ ನಿಂತಿರ್ತಾನಲ್ಲ, ಅವನೇ ನಾನು! ಮೂವತ್ತು ವರ್ಷ ಹಾಗೆ ನಿಂತೆ. ನಿಮ್ಮೂರ ಗಣೇಶನ ಪೆಂಡಾಲಿನಲ್ಲೂ ನನ್ನನ್ನು ನೋಡಿರಬಹುದು, ಗಮನಿಸಿರಲಾರಿರಿ. ಬೇಸರವೇನಿಲ್ಲ. ನನಗಿಂತ ನನ್ನ ಆಂಪ್ಲಿಫೈಯರಿಗೇ ಅಭಿಮಾನಿಗಳು ಜಾಸ್ತಿ.

ಅದು ಇಂಗ್ಲೆಂಡಿನ ವಾಕ್ಸ್ ಎ.ಸಿ. 30. 1959ರಲ್ಲಿ ಹುಟ್ಟಿದ ಮಾದರಿ, ಬೀಟಲ್ಸ್ ಹುಡುಗರಿಂದ ಲೋಕಪ್ರಸಿದ್ಧಿ. 1979ರಲ್ಲಿ ಕಾಕ್ಸ್‌ಟೌನಿನ ಆಂಗ್ಲೋ-ಇಂಡಿಯನ್ ಮಹನೀಯರೊಬ್ಬರು ಆಸ್ಟ್ರೇಲಿಯಾಕ್ಕೆ ಗಂಟುಮೂಟೆ ಕಟ್ಟಿದಾಗ, ಹೆಂಡತಿಯ ಬಳೆ ಅಡವಿಟ್ಟು ಕೊಂಡೆ. ಎತ್ತಲು ಇಬ್ಬರು ಬೇಕು. ಒಳಗೆ ನಾಲ್ಕು ಇಎಲ್ 84 ವಾಲ್ವು, ಸೆಲೆಸ್ಟಿಯನ್ ಕಂಪನಿಯ ಹನ್ನೆರಡು ಇಂಚಿನ ಎರಡು ನೀಲಿ ಸ್ಪೀಕರು. ಒಂದೊಂದೂ ತಾಳುವುದು ಬರೀ 15 ವ್ಯಾಟು. ಆದರೆ ಆ ದನಿ! 'ಆಪರೇಷನ್ ಡೈಮಂಡ್ ರಾಕೆಟ್' (1978), 'ಗೀತಾ' (1981) ಚಿತ್ರಗಳ ಹಾಡು ಶುರುವಾದರೆ ಕೊನೇ ಸಾಲಿನ ಶಿಳ್ಳೆ ಮೊದಲು ಬರುತ್ತಿತ್ತು.

1985ರಲ್ಲಿ ನನ್ನ ನಾಲ್ಕು ವರ್ಷದ ಮಗಳು ಪೆಟ್ಟಿಗೆಯ ಹಿಂಬದಿಯಿಂದ ಪೆನ್ಸಿಲು ತೂರಿಸಿ ಎಡಗಡೆ ಸ್ಪೀಕರಿನ ಕಾಗದದ ಕೋನ್ ತೂತು ಮಾಡಿದಳು. "ಒಳಗಡೆ ಯಾರಿದ್ದಾರೆ ಅಂತ ನೋಡ್ದೆ ಅಪ್ಪಾ" ಅಂದಳು. ಸಂಜೆ ಕಾರ್ಯಕ್ರಮ. ತಲೆ ಕೆಟ್ಟು ಕೆನ್ನೆಗೆ ಬಾರಿಸಿಬಿಟ್ಟೆ. ಸಿಗರೇಟಿನ ತೆಳು ಕಾಗದವನ್ನು ಅಂಟಿನಲ್ಲಿ ಅದ್ದಿ ತೇಪೆ ಹಾಕಿದೆ. ತೇಪೆ ನಿಂತಿತು. ಮಗಳು ಮಾತ್ರ ಮತ್ತೆ ಆ ಪೆಟ್ಟಿಗೆಯ ಹತ್ತಿರ ಸುಳಿಯಲಿಲ್ಲ. ಸಂಗೀತದ ಹತ್ತಿರವೂ ಅಷ್ಟೇ.

ಹೋದ ವರ್ಷ ತಗ್ಗಿನ ಸ್ವರ ನುಡಿಸಿದಾಗಲೆಲ್ಲ ಗರಗರ ಶುರುವಾಯಿತು. ಇನ್ನೇನು, ತೇಪೆ ಬಿಟ್ಟಿತು ಅಂದುಕೊಂಡೆ. ಮಗಳಿಗೆ ಫೋನಿನಲ್ಲಿ ತಮಾಷೆಗೆ, "ನೋಡಮ್ಮಾ, ನಿನ್ನ ಪೆನ್ಸಿಲಿನ ಬಿಲ್ಲು ಈಗ ಬಂತು" ಅಂದೆ. ಅವಳು ನಗಲಿಲ್ಲ. "ಎಷ್ಟಾಗತ್ತೆ, ನಾನೇ ಕೊಡ್ತೀನಿ" ಅಂದಳು.

ಸಲಹೆಗಳಿಗೇನು ಕೊರತೆ? ಹಳೇ ತಂಡದ ಡ್ರಮ್ಮರು, "ಎರಡೂ ಕಿತ್ತೆಸೆದು ಹೊಸದು ಹಾಕಯ್ಯಾ" ಅಂದ. ಹಳೆ ವಾದ್ಯಗಳ ವ್ಯಾಪಾರಿಯೊಬ್ಬ, "ಮುಟ್ಟಬೇಡಿ ಸಾರ್, ಮೂಲ ಸ್ಪೀಕರು ಇದ್ದರೇ ಬೆಲೆ" ಅಂದ. ಮಾರೋನಿಗೆ ಬೆಲೆ ಸರಿ, ನುಡಿಸೋನಿಗೆ ಗರಗರ ಯಾಕೆ ಬೇಕು?

ಕೊನೆಗೆ ಎಸ್.ಪಿ. ರಸ್ತೆಯ ಹಿರಿಯ ರಿಪೇರಿಯವರೊಬ್ಬರಿಗೆ ತೋರಿಸಿದೆ. ಅವರು ಸ್ಪೀಕರು ಬಿಚ್ಚಿ, ಹತ್ತೂ ಬೆರಳು ಕೋನಿನ ಮೇಲೆ ಹರಡಿ ಮೆಲ್ಲಗೆ ಒತ್ತಿದರು. ತೇಪೆಯದು ಬೆಣ್ಣೆಯ ಹಾಗೆ ಒಳಗೆ ಹೋಗಿ ಬಂತು. ಬಲಗಡೆಯದು ಒತ್ತಿದರೆ ಕರಕರ! ಆಯಸ್ಕಾಂತದ ಸಂದಿಯಲ್ಲಿ ತಂತಿಯ ಸುರುಳಿ ಉಜ್ಜುತ್ತಿತ್ತು. "ನಿಮ್ಮ ತೇಪೆ ಗಟ್ಟಿಯಾಗಿದೆ ಸಾರ್. ಕೆಟ್ಟಿರೋದು ಯಾರೂ ಮುಟ್ಟದೇ ಇರೋದು!"

ಇಲ್ಲೇ ಹೊಸ ಕೋನ್ ಕಟ್ಟಿಸಬಹುದಿತ್ತು, ಖರ್ಚೂ ಕಡಿಮೆ. ಆದರೆ ಕಾಗದ ದಪ್ಪವಾದರೆ ದನಿಯ ಹೊಳಪು ಮಂಕಾಗುತ್ತದೆ. ಸೆಲೆಸ್ಟಿಯನ್‌ನವರು ಆ ನೀಲಿಯನ್ನು ಈಗಲೂ ಮಾಡುತ್ತಾರಂತೆ. ಬೆಲೆ ಕೇಳಿ ನೀರು ಕುಡಿದೆ. ಒಂದು ವಾರ ಯೋಚಿಸಿ, ಪಿಂಚಣಿ ದುಡ್ಡಿನಲ್ಲಿ ಒಂದೇ ಒಂದು ತರಿಸಿದೆ, ಹಳೆಯದಕ್ಕೆ ಓಮ್ ಹೊಂದುವಂಥದ್ದು. ಎಡಗಡೆಯದನ್ನು ಬದಲಿಸುವ ಮಾತೇ ಇಲ್ಲ.

ಜೋಡಿಸುವ ದಿನ ಮಗಳನ್ನು ಕರೆದೆ. ಟಾರ್ಚಿನ ಸೆಲ್ಲು ತಾಗಿಸಿದಾಗ ಎರಡೂ ಕೋನು ಒಂದೇ ದಿಕ್ಕಿಗೆ ಜಿಗಿಯಬೇಕು. ಒಂದು ಮುಂದೆ, ಒಂದು ಹಿಂದೆ ಹೋದರೆ ತಗ್ಗಿನ ಸ್ವರವೇ ಸಾಯುತ್ತದೆ. ಸೆಲ್ಲು ಹಿಡಿಯಲು ಅವಳಿಗೇ ಹೇಳಿದೆ. ಅವಳ ತಲೆಯಲ್ಲೂ ನರೆ ಇಣುಕಿದೆ. ತೇಪೆಯ ಮೇಲೆ ಬೆರಳಾಡಿಸಿದಳು.

"ಹಾಗಾದ್ರೆ ಹಾಳಾಗಿದ್ದು ನನ್ನಿಂದ ಅಲ್ವಾ ಅಪ್ಪಾ?"

"ಅಲ್ಲಮ್ಮಾ. ಅವತ್ತು ಹೊಡೀಬಾರ್ದಿತ್ತು."

ಅವಳು ಏನೂ ಹೇಳಲಿಲ್ಲ, ಸೆಲ್ಲು ತಾಗಿಸಿದಳು. ಎರಡೂ ಮುಂದಕ್ಕೇ ಜಿಗಿದವು. ಹೊಸ ಸ್ಪೀಕರು ಇನ್ನೂ ಬಿಗಿ, ಪಳಗಲು ಕೆಲವು ತಿಂಗಳು ಬೇಕು. ಭಾನುವಾರ ಮೊಮ್ಮಗನನ್ನು ಕರಕೊಂಡು ಬರ್ತೀನಿ ಅಂದಿದ್ದಾಳೆ. ಪೆನ್ಸಿಲುಗಳನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟಿದ್ದೇನೆ.