ಕಾಫಿಯ ಮಲೆಗಳಲ್ಲಿ ಬೈಸಿಕಲ್ ಸವಾರಿ

ಚಿಕ್ಕಮಗಳೂರಿನ ಬೆಟ್ಟಗಳನ್ನು ನೋಡಲು ಈಗ ಲಕ್ಷಾಂತರ ಮಂದಿ ಬರುತ್ತಾರೆ. ಬಹುಮಂದಿ ಮೋಟಾರಿನಲ್ಲಿ ಕುಳಿತು ಮುಳ್ಳಯ್ಯನಗಿರಿಯ ಬುಡದವರೆಗೂ ಹೋಗಿ, ಮೆಟ್ಟಿಲೇರಿ, ತಂಪುಗಾಳಿಯನ್ನು ಸೇವಿಸಿ, ಸಂಜೆಯೊಳಗೆ ಇಳಿದುಬಿಡುತ್ತಾರೆ. ೬,೩೦೦ ಅಡಿಗಳಿಗೆ ಮಿಗಿಲಾದ ಈ ಶಿಖರವು ಕರ್ನಾಟಕದಲ್ಲೆಲ್ಲ ಎತ್ತರವಾದುದು. ಅದನ್ನು ನೋಡಬೇಡಿರೆಂದು ನಾನು ಹೇಳಲಾರೆ. ಆದರೆ ಮಲೆನಾಡನ್ನು ತಿಳಿಯಬೇಕೆಂಬ ಅಪೇಕ್ಷೆಯುಳ್ಳವರು ಅಲ್ಲಿ ಬಿದ್ದ ಮಳೆಯ ನೀರು ಯಾವ ಕಡೆಗೆ ಇಳಿದು ಹೋಗುತ್ತದೆಂಬುದನ್ನು ನೋಡಬೇಕು. ಅದನ್ನು ಕಲಿಸುವುದರಲ್ಲಿ ಬೈಸಿಕಲ್ಲಿಗೆ ಸಮನಾದ ಉಪಾಧ್ಯಾಯನಿಲ್ಲ. ಮೋಟಾರಿನವನಿಗೆ ಏರೂ ಇಳಿವೂ ಒಂದೇ; ಬೈಸಿಕಲ್ಲು ತುಳಿಯುವವನಿಗೆ ಒಂದು ಕಣಿವೆ ಮುಗಿದು ಇನ್ನೊಂದು ಮೊದಲಾದುದನ್ನು ಅವನ ಮೊಣಕಾಲುಗಳೇ ಹೇಳುತ್ತವೆ.

ಹೋದ ಜನವರಿಯಲ್ಲಿ ನಾನೂ ನನ್ನ ತಂಗಿಯ ಮಗನೂ ನಾಲ್ಕು ದಿನಗಳ ಸವಾರಿಯನ್ನು ಕೈಗೊಂಡೆವು. ಹುಡುಗನಿಗೆ ಹದಿನೇಳು ವರ್ಷ. ಅವನದು ಗೇರುಗಳುಳ್ಳ ಹೊಸ ಸೈಕಲ್ಲು. ನನ್ನದೂ ಗೇರಿನದೇ ಆದರೂ ಹಳೆಯದು. ಮೊದಲ ದಿನವೇ ಘಟ್ಟವನ್ನು ಹತ್ತುವುದು ಉಚಿತವಲ್ಲವೆಂದು ನಾವು ಮಲೆಗಳಿಗೆ ಬೆನ್ನುಮಾಡಿ, ಕಡೂರಿನ ರಸ್ತೆಯಲ್ಲಿ ಸಖರಾಯಪಟ್ಟಣದ ಕಡೆಗೆ ಹೊರಟೆವು.

ಈ ದಾರಿಯು ಇಳಿಜಾರು. ಕಾಫಿಯ ಗಿಡಗಳು ಹಿಂದೆ ಉಳಿದು, ರಾಗಿಯ ಹೊಲಗಳೂ ತೆಂಗಿನ ತೋಟಗಳೂ ಕಾಣಿಸಿಕೊಳ್ಳುತ್ತವೆ. ಸಖರಾಯಪಟ್ಟಣದ ಸಮೀಪದಲ್ಲಿ, ಬಾಬಾಬುಡನ್ ಗಿರಿಗಳ ತಪ್ಪಲಿನಲ್ಲಿ ಅಯ್ಯನಕೆರೆಯಿದೆ. ಕೆರೆಯೆಂಬ ಮಾತು ಇದಕ್ಕೆ ಚಿಕ್ಕದೇ ಸರಿ. ಶಕುನಗಿರಿಯ ನೆರಳು ನೀರಿನಲ್ಲಿ ಬಿದ್ದಿರುವ ಬೆಳಗಿನ ಹೊತ್ತಿನಲ್ಲಿ ಏರಿಯ ಮೇಲೆ ನಿಂತರೆ ಅಲ್ಲಿಂದ ಹೊರಡುವುದೇ ಕಷ್ಟವಾಗುತ್ತದೆ. ರುಕ್ಮಾಂಗದರಾಯನು ಇದನ್ನು ಕಟ್ಟಿಸಿದನೆಂದು ಐತಿಹ್ಯ. ತೂಬಿನಿಂದ ಹೊರಟ ಕಾಲುವೆಗಳು ಗದ್ದೆತೋಟಗಳ ನಡುವೆ ಹರಿಯುತ್ತವೆ. ಅವುಗಳ ದಂಡೆಯ ಮೇಲೆ ಒಂದು ಚಕ್ರದ ಅಗಲಕ್ಕೆ ಸವೆದ ದಾರಿಯುಂಟು.

ಇಂಗ್ಲೆಂಡು, ಹಾಲೆಂಡು ಮೊದಲಾದ ದೇಶಗಳಲ್ಲಿ ಕಾಲುವೆಯ ದಂಡೆಗಳೇ ಈಗ ಬೈಸಿಕಲ್ಲಿನ ರಾಜಮಾರ್ಗಗಳಾಗಿವೆ. ಅಲ್ಲಿ ಕಾಲುವೆಗಳನ್ನು ತೋಡಿದ್ದು ದೋಣಿಗಳಲ್ಲಿ ಸರಕನ್ನು ಸಾಗಿಸುವುದಕ್ಕೆ. ದೋಣಿಯನ್ನೆಳೆಯುವ ಕುದುರೆಗಳು ನಡೆಯಲೆಂದು ದಂಡೆಯನ್ನು ಸಮಮಾಡಿದ್ದರು. ನಮ್ಮಲ್ಲಿ ಕಾಲುವೆಯಿರುವುದು ಪೈರಿಗಾಗಿ. ಅದರ ದಂಡೆಯು ನೀರುಗಂಟಿಯ ದಾರಿ, ದನಕಾಯುವವನ ದಾರಿ, ಬುತ್ತಿಯನ್ನು ಹೊತ್ತು ಹೋಗುವ ಹೆಂಗಸಿನ ದಾರಿ. ಸವಾರಿ ಮಾಡುವವನು ಎದುರಿಗೆ ಯಾರು ಬಂದರೂ ಇಳಿದು ದಾರಿ ಬಿಡತಕ್ಕದ್ದು. ಹಾಗೆ ಇಳಿದು ನಿಂತಾಗಲೇ ನಮಗೆ ಮುದುಕನೊಬ್ಬನ ಪರಿಚಯವಾಯಿತು.

"ಯಾವೂರು ಸ್ವಾಮಿ? ಕಾಲ್ವೆ ಏರಿ ಮೇಲೆ ಏನು ಹುಡುಕ್ತಾ ಇದೀರಿ?" ಎಂದನು. ನೀರು ಹೋಗುವ ದಾರಿಯನ್ನು ನೋಡುತ್ತಿದ್ದೇವೆಂದು ನಾನು ಹೇಳಲಾಗಿ, ಅವನು ಬಹು ಸಂತೋಷಪಟ್ಟು ಈ ಸೀಮೆಯವರೆಲ್ಲರೂ ಬಲ್ಲ ಕಥೆಯನ್ನು ಹೇಳಿದನು. ಕೆರೆಯಾದ ಕೆಲವು ವರ್ಷಗಳಲ್ಲಿ ಗಂಗಮ್ಮನು ನೀರುಗಂಟಿಗೆ ಕಾಣಿಸಿಕೊಂಡು, ತಾನು ಏರಿಯನ್ನೊಡೆದು ಹೊರಟುಹೋಗುವೆನೆಂದಳಂತೆ. ಅರಸನಿಗೆ ತಿಳಿಸಿ ಬರುವವರೆಗೂ ನಿಲ್ಲಬೇಕೆಂದು ಬೇಡಿ ಭಾಷೆಯನ್ನು ಪಡೆದು ಅವನು ಓಡಿದನು. ನೀರುಗಂಟಿಯು ಹಿಂದಿರುಗದಿದ್ದರೆ ದೇವಿಯು ಎಂದೆಂದಿಗೂ ನಿಲ್ಲಲೇಬೇಕಷ್ಟೆ! ಅರಸನು ಅವನ ತಲೆಯನ್ನು ತೆಗೆಸಿದನು.

"ಅವನ ಹೆಂಡತಿ ಮಕ್ಕಳು ಏನಾದರು?" ಎಂದು ನಮ್ಮ ಹುಡುಗನು ಕೇಳಿದನು. ಮುದುಕನು, "ಅದನ್ನ ಕಥೇಲಿ ಹೇಳಿಲ್ಲಪ್ಪ" ಎಂದು ಗುದ್ದಲಿಯನ್ನು ಹೆಗಲಿಗೇರಿಸಿಕೊಂಡು ಹೊರಟುಹೋದನು.

ವೇದಾ ಎಂಬ ಹೊಳೆಯು ಈ ಕೆರೆಯನ್ನು ತುಂಬಿ, ಮುಂದೆ ಅವತಿಯೊಡನೆ ಕೂಡಿ ವೇದಾವತಿಯಾಗುತ್ತದೆ. ಹಿರಿಯೂರಿನ ಬಳಿ ೧೯೦೭ರಲ್ಲಿ ಮುಗಿದ ವಾಣಿವಿಲಾಸ ಸಾಗರಕ್ಕೆ ಬರುವುದು ಇದೇ ನೀರು. ಆ ಸಾಗರವು ೧೯೩೩ರಲ್ಲಿ ಕೋಡಿಬಿದ್ದ ಮೇಲೆ ಮತ್ತೆ ಕೋಡಿಬಿದ್ದದ್ದು ೨೦೨೨ರಲ್ಲಿ. ಬೆಟ್ಟದ ಈ ಮಗ್ಗುಲಿಗೆ ಮಳೆಯ ಪಾಲು ಎಷ್ಟು ಕಡಮೆಯೆಂಬುದು ಅದರಿಂದಲೇ ಗೊತ್ತಾಗುತ್ತದೆ.

ಎರಡನೆಯ ದಿನ ಮೂಡಿಗೆರೆಯ ದಾರಿ. ಚಿಕ್ಕಮಗಳೂರಿನಿಂದ ಸುಮಾರು ೩೦ ಕಿಲೋಮೀಟರು. ದೂರ ಹೆಚ್ಚಲ್ಲದಿದ್ದರೂ ಏರಿಳಿವುಗಳಿಂದ ಅರ್ಧ ದಿನ ಹಿಡಿಯುತ್ತದೆ. ಎರಡು ಕಡೆಯೂ ಕಾಫಿ. ಬಾಬಾಬುಡನ್ ಎಂಬ ಸಂತರು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಈ ಗಿರಿಯಲ್ಲಿ ನೆಟ್ಟರೆಂಬ ಹದಿನೇಳನೆಯ ಶತಮಾನದ ಐತಿಹ್ಯವನ್ನು ವಾಚಕರೆಲ್ಲರೂ ಕೇಳಿಯೇ ಇರುವರು, ಅದನ್ನು ಬೆಳೆಸುವುದಿಲ್ಲ. ಕಾಫಿಯ ಗಿಡವು ನೆರಳಿನಲ್ಲಿ ಬೆಳೆಯತಕ್ಕದ್ದು. ಹಳೆಯ ತೋಟಗಳಲ್ಲಿ ಕಾಡಿನ ಮರಗಳನ್ನೇ ಉಳಿಸಿಕೊಂಡು, ಅವುಗಳಿಗೆ ಮೆಣಸಿನ ಬಳ್ಳಿಯನ್ನು ಹಬ್ಬಿಸಿ, ವರ್ಷಕ್ಕೊಮ್ಮೆ ಮರಗಸಿ ಮಾಡುತ್ತಾರೆ. ಹೊಸ ತೋಟಗಳಲ್ಲಿ ಬರಿಯ ಸಿಲ್ವರ್ ಓಕ್ ಮರಗಳು ಕವಾಯತಿನ ಸಿಪಾಯಿಗಳಂತೆ ಸಾಲಾಗಿ ನಿಂತಿರುತ್ತವೆ. ಮೊದಲನೆಯ ತೋಟದ ಪಕ್ಕದಲ್ಲಿ ಸಾಗುವಾಗ ಮೈಗೆ ತಂಪು ತಗಲುತ್ತದೆ. ಎರಡನೆಯದರ ಪಕ್ಕದಲ್ಲಿ ಅಷ್ಟಿಲ್ಲ. ಮೋಟಾರಿನ ಗಾಜಿನ ಹಿಂದೆ ಕುಳಿತವರಿಗೆ ಈ ಭೇದವು ತಿಳಿಯುವ ಸಂಭವವಿಲ್ಲ.

ಆಗ ಅರೇಬಿಕದ ಕೊಯ್ಲು ಮುಗಿಯುತ್ತ ಬಂದು ರೊಬಸ್ಟದ ಕೊಯ್ಲು ನಡೆದಿತ್ತು. ಕಣಗಳಲ್ಲಿ ಕೆಂಪು ಹಣ್ಣು ಹರಡಿತ್ತು. ಅದರ ಹುಳಿಯಾದ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಹೂವಿನ ಸೊಗಸನ್ನು ಬಯಸುವವರು ಮಾರ್ಚಿ ಏಪ್ರಿಲುಗಳಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಗಳಾದ ಮೇಲೆ ಬರಬೇಕು. ಆಗ ಇಡೀ ಗುಡ್ಡವೇ ಮಲ್ಲಿಗೆಯಂತೆ ಬೆಳ್ಳಗೆ ಅರಳಿ ಘಮಘಮಿಸುತ್ತದೆ.

ತೋಟಗಳ ನಡುವೆ ಉಣಗೋಲು ಹಾಕಿದ ಮಣ್ಣಿನ ದಾರಿಗಳು ಕವಲೊಡೆಯುತ್ತವೆ. ಅವು ಎಷ್ಟು ಚೆನ್ನಾಗಿ ಕಂಡರೂ ಪರರ ಸ್ವತ್ತು. ಕೇಳದೆ ಒಳಹೊಗುವುದು ಸಲ್ಲದು. ನಾವು ಒಂದೆಡೆ ಅನುಮತಿಯನ್ನು ಪಡೆದೇ ಹೋದೆವು. ಲೈನು ಮನೆಗಳ ಮುಂದೆ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ತಡೆದು, "ನಾಳೆ ಬೆಳಿಗ್ಗೆ ಬೇಗ ಈ ಕಡೆ ಬರಬೇಡಿ ಅಣ್ಣ. ಆನೆ ಐತೆ. ನಿಮ್ಮ ಗಾಡಿ ಸದ್ದೇ ಮಾಡಲ್ಲ" ಎಂದಳು.

"ಹಾಗಾದರೆ ನೀವು ಕೆಲಸಕ್ಕೆ ಯಾವಾಗ ಹೋಗುತ್ತೀರಮ್ಮ?"

"ನಾವು ಹೊತ್ತಿಗೆ ಸರಿಯಾಗಿ ಹೋಗಲೇಬೇಕಲ್ಲ."

ಅವಳು ಇದನ್ನು ದೂರಿನಂತೆ ಹೇಳಲಿಲ್ಲ. ಮೂಡಿಗೆರೆ, ಆಲ್ದೂರುಗಳ ಸುತ್ತಿನಲ್ಲಿ ತೋಟದ ಕೆಲಸಕ್ಕೆ ಹೋದವರು ಆನೆಯ ತುಳಿತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡ ಪ್ರಸಂಗಗಳು ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಆಗಿವೆ. ಬೈಸಿಕಲ್ಲಿನ ನಿಶ್ಶಬ್ದವನ್ನು ನಾವು ಅದರ ದೊಡ್ಡ ಗುಣವೆಂದು ಹೊಗಳುವುದುಂಟು. ತಿರುವಿನಾಚೆ ನಿಂತ ಆನೆಗೆ ಅದೇ ಬೆಚ್ಚಿಬೀಳಿಸುವ ಗುಣ. ಆದುದರಿಂದ ಸೂರ್ಯೋದಯವಾಗಿ ಒಂದು ಗಂಟೆಯಾಗುವವರೆಗೂ ಹೊರಡಬಾರದು. ಹೊತ್ತು ಮುಳುಗುವ ಮೊದಲೇ ಊರನ್ನು ಸೇರಬೇಕು. ತಿರುವುಗಳಲ್ಲಿ ಗಂಟೆಯನ್ನು ಬಾರಿಸುತ್ತಿರಬೇಕು. ಆ ದಿನ ಲೈನು ಮನೆಗಳನ್ನು ಬಿಟ್ಟ ಮೇಲೆ ಹುಡುಗನು ಬಹಳ ಹೊತ್ತು ಮಾತನಾಡಲಿಲ್ಲ. ಮೂಡಿಗೆರೆಯಲ್ಲಿ ಊಟಕ್ಕೆ ಕುಳಿತಾಗ, "ಮಾವ, ನಾವು ಬೇಡವೆಂದರೆ ಬಿಟ್ಟುಬಿಡಬಹುದು" ಎಂದಷ್ಟೇ ಹೇಳಿದನು.

ಮೂಡಿಗೆರೆಯಿಂದ ಬಣಕಲ್ ದಾಟಿ ಕೊಟ್ಟಿಗೆಹಾರಕ್ಕೆ ಸುಮಾರು ೨೦ ಕಿಲೋಮೀಟರು. ಇದು ಮಂಗಳೂರಿಗೆ ಹೋಗುವ ಹೆದ್ದಾರಿಯಾದುದರಿಂದ ಲಾರಿ ಬಸ್ಸುಗಳ ಕಾಟವುಂಟು. ಸವಾರಿಯ ಸುಖ ಕಡಮೆ. ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ಮೂಡಿಗೆರೆಯ ಬಳಿ ತೋಟ ಮಾಡಿಕೊಂಡು ಈ ಕಾಡು, ಹಕ್ಕಿ, ಮನುಷ್ಯರನ್ನು ಕುರಿತು ಬರೆದರು. ಅವರ ಹೆಸರಿನ ಪ್ರತಿಷ್ಠಾನವು ಕೊಟ್ಟಿಗೆಹಾರದಲ್ಲಿದೆ. ಕೊಟ್ಟಿಗೆಹಾರದ ನೀರುದೋಸೆಯೂ ಪ್ರಸಿದ್ಧವೇ. ನಮ್ಮ ಹುಡುಗನು ಎಷ್ಟು ತಿಂದನೆಂಬ ಲೆಕ್ಕವನ್ನು ಇಲ್ಲಿ ಕೊಡದಿರುವುದು ಲೇಸು.

ಈ ಪುಟ್ಟ ಊರು ಮೂರು ನೀರುಗಳ ನೆರೆಯಲ್ಲಿದೆ. ಇಲ್ಲಿಯವರೆಗಿನ ಹಳ್ಳಗಳು ಹೇಮಾವತಿಗೆ ಸೇರತಕ್ಕವು. ಆ ನೀರು ಗೊರೂರಿನ ಅಣೆಕಟ್ಟನ್ನು ಹಾದು ಕಾವೇರಿಯಾಗಿ ಪೂರ್ವ ಸಮುದ್ರಕ್ಕೆ ಹೋಗುತ್ತದೆ. ಎಡಕ್ಕೆ ತಿರುಗಿ ಚಾರ್ಮಾಡಿ ಘಾಟಿಯನ್ನು ಇಳಿದರೆ ಅಲ್ಲಿನ ಝರಿಗಳು ನೇತ್ರಾವತಿಯ ಪಾಲು. ಅವು ಮಂಗಳೂರಿನ ಬಳಿ ಪಶ್ಚಿಮ ಸಮುದ್ರವನ್ನು ಸೇರುತ್ತವೆ. ಬಲಕ್ಕೆ ಬಾಳೂರು, ಜಾವಳಿಗಳ ಮೇಲೆ ಕಳಸದ ದಾರಿ ಹಿಡಿದರೆ, ಏಣು ದಾಟಿದ ಮೇಲೆ ಎಲ್ಲವೂ ಭದ್ರೆಗೆ ಹರಿಯುತ್ತದೆ. ಜಾವಳಿಯಲ್ಲಿ ಹೇಮಾವತಿಯ ಮೂಲವಿದೆ. ದೇವಸ್ಥಾನದ ಬಳಿಯ ಪುಟ್ಟ ಕೊಳವನ್ನು ನೋಡಿದವರಿಗೆ ಇದೇ ಮುಂದೆ ಹೊಳೆಯಾಗುವುದೆಂದು ನಂಬಿಕೆ ಬರುವುದು ಕಷ್ಟ.

ಈ ಕಡೆಯ ಗುಡ್ಡಗಳಲ್ಲಿ ಅಲ್ಲಲ್ಲಿ ಹಸುರಿನ ನಡುವೆ ಕೆಂಪು ಗೆರೆ ಎಳೆದಂತೆ ಮಣ್ಣು ಜಾರಿದ ಗುರುತುಗಳು ಕಾಣುತ್ತವೆ. ೨೦೧೯ರ ಆಗಸ್ಟಿನ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮೊದಲಾದ ಹಳ್ಳಿಗಳಲ್ಲಿ ಗುಡ್ಡ ಕುಸಿದು ಮನೆ ತೋಟಗಳು ಹಾಳಾದುವು. ಚಾರ್ಮಾಡಿ ಘಾಟಿಯ ಸಂಚಾರವೂ ಆಗ ನಿಂತುಹೋಯಿತು. ಜಾವಳಿಯಿಂದ ಮುಂದೆ ಒಂದು ಗೂಡಂಗಡಿಯಲ್ಲಿ ಚಹಾ ಕೊಟ್ಟವರು, "ಚಳಿಗಾಲದಲ್ಲಿ ಬಂದು ಚೆಂದ ಅಂತೀರಿ ಮಾರಾಯ್ರೆ. ಆಟಿಯಲ್ಲಿ ಬಂದು ನೋಡಿ, ರಾತ್ರಿ ಮಳೆ ಜೋರಾದ್ರೆ ಗುಡ್ಡದ ಸದ್ದು ಕೇಳ್ತಾ ಕೂತಿರ್ತೇವೆ" ಎಂದರು. ಆಟಿಯಲ್ಲಿ ಬನ್ನಿರೆಂದು ನಾನಂತೂ ವಾಚಕರಿಗೆ ಸಲಹೆ ಕೊಡಲಾರೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಬೈಸಿಕಲ್ಲು ಸಲ್ಲದು. ಒದ್ದೆಯಾದ ಇಳಿಜಾರಿನಲ್ಲಿ ಬ್ರೇಕು ಹಿಡಿಯುವುದಿಲ್ಲ. ಉಳಿದ ಕಾಲದಲ್ಲಿಯೂ ಎರಡು ಟ್ಯೂಬು, ಗಾಳಿಯ ಪಂಪು, ದೀಪ, ಮಧ್ಯಾಹ್ನದ ಬುತ್ತಿ ಇವುಗಳಿಲ್ಲದೆ ಕೊಟ್ಟಿಗೆಹಾರವನ್ನು ಬಿಡಬಾರದು. ಮುಂದಿನ ಸುಮಾರು ೪೦ ಕಿಲೋಮೀಟರಿನಲ್ಲಿ ರಿಪೇರಿಯವನು ಸಿಕ್ಕುವನೆಂಬ ಭರವಸೆಯಿಲ್ಲ. ಮೊಬೈಲಿಗೂ ಎಲ್ಲೆಡೆ ಸಂಪರ್ಕ ದೊರೆಯದು.

ಸಂಜೆ ನಾಲ್ಕಕ್ಕೆ ಕಳಸಕ್ಕೆ ಇಳಿದೆವು. ಹಿಂದೆ ಮೂಡಿಗೆರೆಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲ್ಲೂಕು. ಕಲಶೇಶ್ವರನ ದರ್ಶನವನ್ನು ಮಾಡಿ, ಮರುದಿನ ಅಂಬುತೀರ್ಥಕ್ಕೆ ಹೋದೆವು. ಅಲ್ಲಿ ಭದ್ರೆಯು ಬಂಡೆಗಳ ನಡುವೆ ನುಗ್ಗುತ್ತಾಳೆ. ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರೆಂದು ಬರೆದಿರುವ ದೊಡ್ಡ ಬಂಡೆಯೊಂದು ಅಲ್ಲಿದೆ. ಗಂಗಾಮೂಲದಲ್ಲಿ ಹುಟ್ಟಿ ಕುದುರೆಮುಖವನ್ನು ಹಾದು ಬರುವ ಈ ನೀರು ಬಾಳೆಹೊನ್ನೂರಿನ ಮೇಲೆ ಲಕ್ಕವಳ್ಳಿಯ ಅಣೆಕಟ್ಟಿಗೆ ಹೋಗಿ, ಅಲ್ಲಿಂದ ಕಾಲುವೆಗಳಲ್ಲಿ ತರೀಕೆರೆ, ದಾವಣಗೆರೆಗಳ ಬಯಲಿಗೆ ಹಂಚಿಹೋಗುತ್ತದೆ. ಆ ಕಾಲುವೆಯ ದಂಡೆಯಲ್ಲಿ ಸವಾರಿ ಮಾಡಬೇಕೆಂದು ಹುಡುಗನು ಆಗಲೇ ಹಟ ಹಿಡಿದಿದ್ದಾನೆ.

ಕಳಸದಿಂದ ಹೊರನಾಡಿಗೆ ೮ ಕಿಲೋಮೀಟರು. ನಡುವೆ ಹೆಬ್ಬಾಳೆಯ ಸೇತುವೆ. ಅದು ತಗ್ಗಾದುದರಿಂದ ಮಳೆಗಾಲದಲ್ಲಿ ಎಷ್ಟೋ ಸಲ ಭದ್ರೆಯಲ್ಲಿ ಮುಳುಗಿ ದಾರಿ ಕಟ್ಟಿದೆ. ನಾವು ಹೋದಾಗ ನೀರು ಸೇತುವೆಯ ಬಹು ಕೆಳಗೆ, ಕಲ್ಲುಗಳನ್ನು ಎಣಿಸುವಷ್ಟು ತಿಳಿಯಾಗಿ ಹರಿಯುತ್ತಿತ್ತು. ಸೇತುವೆಯ ಮೇಲೆ ಶಾಲೆಯ ಮಕ್ಕಳು ನಾಲ್ವರು ನಮ್ಮ ಸೈಕಲ್ಲುಗಳ ಗೇರುಗಳನ್ನು ಮುಟ್ಟಿ ನೋಡಿದರು. ಹೊಳೆ ಏರಿದ ದಿನ ಶಾಲೆಗೆ ಹೇಗೆ ಹೋಗುತ್ತೀರೆಂದು ಕೇಳಿದ್ದಕ್ಕೆ ಅವರಲ್ಲಿ ಹಿರಿಯಳು, "ಹೋಗುದಿಲ್ಲ" ಎಂದು ನಕ್ಕು, ಗಂಟೆಯನ್ನು ಒಮ್ಮೆ ಬಾರಿಸಬಹುದೇ ಎಂದು ಕೇಳಿದಳು.